ಚಿಕ್ಕಪ್ಪ ಮಾರಿದ ಟ್ಯಾಂಕಿನ ಕ್ಯಾಸೆಟ್ಟುಗಳು

ಮೊನ್ನೆ ರಕ್ತ ಪರೀಕ್ಷೆಗೆ ಹೋಗಿದ್ದೆ. ಲ್ಯಾಬಿನ ಹುಡುಗಿ ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ತೋಳಿಗೆ ಸವರಿದಳು. ಬೇರೆಯವರಿಗೆ ಆ ವಾಸನೆಯಿಂದ ಸೂಜಿ ನೆನಪಾಗಬಹುದು, ಆಸ್ಪತ್ರೆ ನೆನಪಾಗಬಹುದು. ನನ್ನ ಕಣ್ಣೆದುರಿಗೆ ಬಂದದ್ದು ಜನಕಪುರಿಯ ನಮ್ಮ ಮನೆಯ ಮುಂದಿನ ಕೋಣೆ. ಸ್ಪಿರಿಟ್ಟಿನ ವಾಸನೆಯ ಬೆನ್ನಿಗೇ ಕೂಲರ್‌ನ ಒದ್ದೆ ಹುಲ್ಲಿನ ವಾಸನೆ, ಅದರ ಹಿಂದೆ ಅಡುಗೆಮನೆಯಿಂದ ಅಮ್ಮನ ಇಂಗಿನ ಒಗ್ಗರಣೆ. ಚಿಕ್ಕಪ್ಪ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಹತ್ತಿಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಹಳೆಯ ವಿಡಿಯೊ ಗೇಮ್ ಕ್ಯಾಸೆಟ್ಟುಗಳ ಬಾಯೊಳಗಿನ ತಗಡಿನ ಗೆರೆಗಳನ್ನು ಒಂದೊಂದಾಗಿ ಉಜ್ಜುತ್ತಿದ್ದಾನೆ. ಸುತ್ತ ಹಳದಿ, ನೀಲಿ, ಕಪ್ಪು ಕ್ಯಾಸೆಟ್ಟುಗಳ ರಾಶಿ. ಲ್ಯಾಬಿನ ಹುಡುಗಿ ಮುಷ್ಟಿ ಬಿಡಿ ಎಂದು ಎರಡು ಸಲ ಹೇಳಬೇಕಾಯಿತು.

ಅಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ತಿಪಟೂರಿನ ಕಡೆಯಿಂದ ಬಂದು ದೆಹಲಿಯ ಚಳಿಗೂ ಬಿಸಿಲಿಗೂ ಒಗ್ಗಿಕೊಂಡವರು. ಮನೆ ಮೊದಲನೇ ಮಹಡಿಯಲ್ಲಿ. ಎರಡು ಕೋಣೆ, ಒಂದು ಬಾಲ್ಕನಿ, ಬಾಲ್ಕನಿಯಲ್ಲಿ ಅಮ್ಮನ ಕರಿಬೇವಿನ ಗಿಡ. ಆ ಗಿಡಕ್ಕೆ ಇಡೀ ಗಲ್ಲಿಯ ಕನ್ನಡದವರು ಗಿರಾಕಿಗಳು. ನನಗಿಂತ ಐದು ವರ್ಷ ದೊಡ್ಡವನು ಅಣ್ಣ ರಾಘು. ನಮ್ಮಿಬ್ಬರಿಗೂ ಅಮ್ಮನ ಹತ್ತಿರ ಕನ್ನಡ, ಜಗಳಕ್ಕೆ ಹಿಂದಿ. ಒಂದು ದೀಪಾವಳಿಗೆ ಅಪ್ಪ ಟಿವಿಗೆ ಜೋಡಿಸುವ ವಿಡಿಯೊ ಗೇಮ್ ತಂದರು. ಅಸಲಿ ಜಪಾನಿನದಲ್ಲ, ಅದರ ನಕಲು. ನಮಗೇನು ಗೊತ್ತು, ನಮ್ಮ ಪಾಲಿಗೆ ಅದೇ ಅಸಲಿ. ಅದರ ಜೊತೆ ಬಂದ ಹಳದಿ ಕ್ಯಾಸೆಟ್ಟಿನಲ್ಲಿ ಸಾವಿರಾರು ಆಟಗಳಿವೆ ಎಂದು ಬರೆದಿತ್ತು. ಎಣಿಸಿದರೆ ಇದ್ದದ್ದು ಎಂಟು ಹತ್ತು, ಅವೇ ಮತ್ತೆ ಮತ್ತೆ ಬರುತ್ತಿದ್ದವು. ಕ್ಯಾಸೆಟ್ಟು ಓಡದಿದ್ದರೆ ರಾಘು ತೆಗೆದು ಅದರ ಬಾಯಿಗೆ ಉಫ್ ಎಂದು ಊದಿ ಮತ್ತೆ ಹಾಕುತ್ತಿದ್ದ. ನೀವೂ ಊದಿರುತ್ತೀರಿ.

ನಮ್ಮಿಬ್ಬರ ಆಟ ಎಂದರೆ ಟ್ಯಾಂಕಿನದು. ಇಟ್ಟಿಗೆ ಗೋಡೆಯ ಒಳಗೊಂದು ಹಕ್ಕಿ, ಅದನ್ನು ಕಾಯಲು ಎರಡು ಟ್ಯಾಂಕು, ಒಂದು ಅವನದು, ಒಂದು ನನ್ನದು. ಇಬ್ಬರಿಗೂ ಇಂತಿಷ್ಟು ಜೀವ. ನಿಮ್ಮ ಜೀವಗಳೆಲ್ಲ ಮುಗಿದರೆ ರಿಮೋಟಿನ ಗುಂಡಿ ಒತ್ತಿ ಜೊತೆಗಾರನದೊಂದು ಜೀವ ತೆಗೆದುಕೊಳ್ಳಬಹುದಿತ್ತು. ಅವನನ್ನು ಕೇಳಬೇಕಾಗಿಯೂ ಇರಲಿಲ್ಲ. ನಾನು ಯಾವಾಗಲೂ ಮೊದಲು ಸಾಯುತ್ತಿದ್ದೆ, ಯಾವಾಗಲೂ ಅವನದನ್ನು ಕಿತ್ತುಕೊಳ್ಳುತ್ತಿದ್ದೆ. ಅವನು ಹತ್ತನೇ ತರಗತಿಯಲ್ಲಿದ್ದ ವರ್ಷ ಒಂದು ಭಾನುವಾರ ಮಧ್ಯಾಹ್ನ, ಅಪ್ಪ ಹೊರಗೆ ಹೋಗಿದ್ದರು, ಅಮ್ಮ ಒಳಕೋಣೆಯಲ್ಲಿ ಮಲಗಿದ್ದಳು. ನಾವು ಹಿಂದೆಂದೂ ಮುಟ್ಟದ ಹಂತ ಮುಟ್ಟಿದ್ದೆವು. ನನ್ನವೆಲ್ಲ ಮುಗಿದಿದ್ದವು; ಓಡುತ್ತಿದ್ದ ಟ್ಯಾಂಕು ಬಿಟ್ಟರೆ ಅವನ ಬಳಿ ಉಳಿದಿದ್ದುದು ಒಂದೇ ಜೀವ. "ಮುಟ್ಟಬೇಡ," ಎಂದ. ನಾನು ಗುಂಡಿ ಒತ್ತಿದೆ. ಮರುಕ್ಷಣದಲ್ಲಿ ಅವನ ಟ್ಯಾಂಕಿಗೆ ಗುಂಡು ಬಿತ್ತು, ಮತ್ತೆ ಬರಲು ಅವನಿಗೆ ಏನೂ ಉಳಿದಿರಲಿಲ್ಲ. ರಿಮೋಟನ್ನು ನೆಲಕ್ಕೆ ಕುಕ್ಕಿ, "ಜಾ, ಅಕೇಲೀ ಖೇಲ್," ಎಂದು ಎದ್ದುಹೋದ. ಹೋಗು, ಒಬ್ಬಳೇ ಆಡು. ನಾನು ಒಬ್ಬಳೇ ಆಡಿದೆ. ಸೇಡಿಗೆಂದೇ, ಅವನಿಗೆ ಕೇಳಿಸಲೆಂದು ಟಿವಿಯ ಸದ್ದು ಏರಿಸಿ ಆಡಿದೆ. ಸಂಜೆ ಅವನು ನನ್ನ ಜೊತೆ ಮಾತಾಡಲಿಲ್ಲ. ಮರುದಿನ ಅವನಿಗೆ ಜ್ವರ. ಮೂರನೇ ದಿನ ಆಸ್ಪತ್ರೆ. ಮೆದುಳು ಜ್ವರ ಎಂದರು, ಮಕ್ಕಳನ್ನು ಒಳಗೆ ಬಿಡುವುದಿಲ್ಲ ಎಂದರು. ಎಂಟನೇ ದಿನ ಅವನು ಹೋದ. ಹತ್ತು ವರ್ಷದ ಹುಡುಗಿ ಲೆಕ್ಕ ಹೇಗೆ ಹಾಕುತ್ತಾಳೆಂದು ನಿಮಗೆ ಹೇಳಬೇಕಾಗಿಲ್ಲ. ಅವನ ಕೊನೆಯ ಜೀವ ಕಿತ್ತುಕೊಂಡವಳು ನಾನು. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಮೂರು ವರ್ಷದ ಮೇಲೆ ಅಪ್ಪನ ತಮ್ಮ ಪ್ರಸನ್ನ ಚಿಕ್ಕಪ್ಪ ನಮ್ಮ ಮನೆಗೆ ಬಂದು ಸೇರಿದ. ಕಂಪ್ಯೂಟರ್ ರಿಪೇರಿ ಅಂಗಡಿಯೊಂದರಲ್ಲಿ ಕೆಲಸ, ಬಾಯಿ ತುಂಬ ಮಾತು, ತಲೆ ತುಂಬ ಯೋಜನೆ. ಅವನು ಬಂದ ಮೇಲೆ ಆ ಮನೆಯಲ್ಲಿ ಮತ್ತೆ ನಗು ಕೇಳಿಸಿತು. ಆ ಋಣವನ್ನು ನಾನು ಇವತ್ತಿಗೂ ಅಲ್ಲಗಳೆಯುವುದಿಲ್ಲ. ದೇಶವೆಲ್ಲ ಹೊಸ ಮೊಬೈಲಿನ ಹಿಂದೆ ಬಿದ್ದಿದ್ದಾಗ ಅವನು ಹಳೆಯ ವಿಡಿಯೊ ಗೇಮುಗಳನ್ನು ಇಂಟರ್ನೆಟ್ಟಿನಲ್ಲಿ ಮಾರುತ್ತೇನೆಂದು ಹೊರಟ. "ಊರಿಗೊಂದು ದಾರಿ ಆದ್ರೆ ಪೋರನಿಗೊಂದು ದಾರಿ," ಎಂದು ಅಪ್ಪ ಪೇಪರಿನ ಹಿಂದಿನಿಂದಲೇ ಅಂದರು. ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಬಂತು, ಫೋನಿನ ತಂತಿಯಲ್ಲಿ ಕಿರ್ರೋ ಎಂದು ಅರಚಿ ಇಂಟರ್ನೆಟ್ ಬಂತು, ಅಂಗಡಿ ತೆರೆಯಿತು. ಕ್ಯಾಸೆಟ್ಟು ಓಡಿಸಿ ನೋಡಲು ಅಟ್ಟದ ಮೇಲಿದ್ದ ರಾಘುವಿನ ಸೆಟ್ಟನ್ನೇ ಕೆಳಗಿಳಿಸಬೇಕಾಯಿತು. ಅಮ್ಮ ಅದರ ಧೂಳನ್ನು ತನ್ನ ಸೆರಗಿನಿಂದಲೇ ಒರೆಸಿ ಕೊಟ್ಟಳು.

ಮೊದಲು ಚಿಕ್ಕಪ್ಪ ಯಾರನ್ನೋ ಹಿಡಿದು ಹೊರದೇಶದಿಂದ ಅಸಲಿ ಕ್ಯಾಸೆಟ್ಟುಗಳನ್ನು ತರಿಸಿದ. ಪೆಟ್ಟಿಗೆ ಸಮೇತ, ಗಾಜಿನ ಹಾಗೆ ಹೊಳೆಯುತ್ತಿದ್ದವು. ಒಬ್ಬನೂ ಕೇಳಲಿಲ್ಲ. ಜನಕ್ಕೆ ಬೇಕಿದ್ದದ್ದು ಅವರ ಮನೆಯಲ್ಲಿದ್ದ ಆ ಹಳದಿ ನಕಲಿ. ಅಂಥವನ್ನು ಚಿಕ್ಕಪ್ಪ ಹಳೇ ಸಾಮಾನಿನ ಅಂಗಡಿ, ಮನೆಮನೆ ಸುತ್ತಿ ಕೊಂಡು ತರತೊಡಗಿದ. ಕೇಳುವವರಿಗೆ ಆಟದ ಹೆಸರೂ ಗೊತ್ತಿಲ್ಲ. ಕಾನ್ಪುರದಿಂದ ಒಬ್ಬರು ಬರೆಯುತ್ತಿದ್ದರು: ಒಬ್ಬ ದಪ್ಪನೆಯವನು ಬಲೂನು ಹಿಡಿದು ನೀರಿನ ಮೇಲೆ ಹಾರುತ್ತಾನೆ, ಕೆಳಗೊಂದು ಮೀನು, ನನ್ನ ತಾಯಿಗೆ ಆ ಮೀನೆಂದರೆ ಭಯ, ಅದು ಸಿಗುತ್ತದೆಯೇ? ಚಿಕ್ಕಪ್ಪನಿಗೆ ಅದರ ತಲೆಬುಡ ತಿಳಿಯುತ್ತಿರಲಿಲ್ಲ. ನಾನು ಹೋಮ್‌ವರ್ಕಿನಿಂದ ತಲೆಯೆತ್ತದೆ, ಅದು ನೀಲಿ ಕ್ಯಾಸೆಟ್ಟಿನ ನಾಲ್ಕನೇ ಆಟ ಎನ್ನುತ್ತಿದ್ದೆ. ಹೀಗೆ ಆ ಅಂಗಡಿ ನನ್ನ ನೆನಪಿನ ಮೇಲೆ ನಡೆಯತೊಡಗಿತು. ಒಬ್ಬರು ಕ್ಯಾಸೆಟ್ಟನ್ನು ವಾಪಸು ಕಳಿಸಿ, ಇದು ತೀರಾ ಶುಚಿಯಾಗಿದೆ, ನಮ್ಮದು ಹೀಗಿರಲಿಲ್ಲ ಎಂದು ದೂರಿದರು. ಇನ್ನೊಬ್ಬರು, ಕ್ಯಾಸೆಟ್ಟಿನ ಬೆನ್ನಿಗೆ ಯಾವುದಾದರೂ ಮಗುವಿನ ಹೆಸರು ಬರೆದಿದ್ದರೆ ದಯವಿಟ್ಟು ಅಳಿಸಬೇಡಿ ಎಂದರು. ಚಿಕ್ಕಪ್ಪ ಅಂದಿನಿಂದ ಒಳಗನ್ನಷ್ಟೇ ಉಜ್ಜಿದ, ಹೊರಗಿನ ಕೊಳೆ ಹಾಗೇ ಬಿಟ್ಟ. "ಗಿರಾಕಿಗೆ ಬೇಕಾಗಿರೋದು ಆಟ ಅಲ್ಲ ಕಣೆ," ಎನ್ನುತ್ತಿದ್ದ, "ಆಟ ಆಡ್ತಿದ್ದ ಮನೆ." ಎಂಥ ಜಾಣ ಎಂದು ನನಗೆ ಅವನ ಮೇಲೆ ಹೆಮ್ಮೆಯಾಗುತ್ತಿತ್ತು.

ಅಮ್ಮ ಪ್ಯಾಕಿಂಗ್ ಮಾಡುತ್ತಿದ್ದಳು. ಊರಿನಿಂದ ಬರುವ ಕನ್ನಡ ವಾರಪತ್ರಿಕೆಯ ಹಾಳೆಗಳಲ್ಲಿ ಕ್ಯಾಸೆಟ್ಟನ್ನು ಹೋಳಿಗೆ ಸುತ್ತುವಷ್ಟು ಜೋಪಾನವಾಗಿ ಸುತ್ತುತ್ತಿದ್ದಳು. ರಾಘು ಹೋದ ಮೇಲೆ ಅವಳ ಕೈಗಳಿಗೆ ಅಷ್ಟು ಕೆಲಸ ಸಿಕ್ಕಿದ್ದು ಅದೇ ಮೊದಲು. ಕೊರಿಯರ್ ಭಯ್ಯಾ ಬಂದರೆ ಅವನಿಗೊಂದು ಲೋಟ ಮಜ್ಜಿಗೆ. ಅಂಥ ಒಂದು ಮಧ್ಯಾಹ್ನ, ಯಾರದೋ ಮನೆಯಿಂದ ಬಂದ ಟ್ಯಾಂಕಿನ ಕ್ಯಾಸೆಟ್ಟನ್ನು ನಾನೂ ಚಿಕ್ಕಪ್ಪನೂ ಕೂತು ಪರೀಕ್ಷಿಸುತ್ತಿದ್ದೆವು. ನನ್ನ ಜೀವಗಳು ಮುಗಿದವು. ಚಿಕ್ಕಪ್ಪ ತೆರೆಯಿಂದ ಕಣ್ಣು ಕೀಳದೆ, "ತಗೋ, ನಂದೊಂದು ತಗೋ," ಎಂದ. ನಾನು ರಿಮೋಟು ಕೆಳಗಿಟ್ಟು ಅಳತೊಡಗಿದೆ. ಅವನು ಗಾಬರಿಯಾಗಿ ಸೆಟ್ಟು ಆರಿಸಿದ. ಮೂರು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದನ್ನೆಲ್ಲ ನಾನು ಅವನೆದುರು ಕಕ್ಕಿದೆ. ಗುಂಡಿ ಒತ್ತಿದ್ದು, ರಾಘು ಬೈದದ್ದು, ನಾನು ಸದ್ದು ಏರಿಸಿದ್ದು. ಅವನು ನನ್ನ ತಲೆಯ ಮೇಲೆ ಕೈಯಿಟ್ಟು, "ನಿನ್ನಾಣೆ, ಯಾರಿಗೂ ಹೇಳಲ್ಲ," ಎಂದ. ಆ ಕೈಯ ಭಾರದಿಂದ ನಾನು ಎಷ್ಟು ಹಗುರಾದೆನೆಂದರೆ, ಆ ದಿನ ಊಟ ಮಾಡುತ್ತಾ ಮಾಡುತ್ತಾ ತಟ್ಟೆಯ ಮುಂದೆಯೇ ನಿದ್ದೆಹೋದೆನಂತೆ.

ಕೆಲವು ತಿಂಗಳ ಮೇಲೆ ಶಾಲೆಯಿಂದ ಬಂದು ಅಂಗಡಿಗೆ ಬಂದ ಮೇಲ್‌ಗಳನ್ನು ನೋಡುತ್ತಿದ್ದೆ. ಇಂದೋರಿನ ಗಿರಾಕಿಯೊಬ್ಬರು ಬರೆದಿದ್ದರು: ಟ್ಯಾಂಕಿನ ಕ್ಯಾಸೆಟ್ ತಲುಪಿತು, ಜೊತೆಗಿದ್ದ ಚೀಟಿ ಓದಿ ಕಣ್ಣೀರು ಬಂತು, ಆ ತಂಗಿಗೆ ನನ್ನ ಆಶೀರ್ವಾದ ತಿಳಿಸಿ. ಯಾವ ಚೀಟಿ, ಯಾವ ತಂಗಿ? ಕಳಿಸಲು ಸಿದ್ಧವಾಗಿದ್ದ ಪೊಟ್ಟಣಗಳನ್ನು ಬಿಚ್ಚಿದೆ. ನಾಲ್ಕು ಟ್ಯಾಂಕಿನ ಕ್ಯಾಸೆಟ್ಟು, ನಾಲ್ಕರಲ್ಲೂ ಅದೇ ಇಂಗ್ಲಿಷ್ ಚೀಟಿ, ಅಂದವಾಗಿ ಪ್ರಿಂಟ್ ಮಾಡಿದ್ದು: ಇದು ದೆಹಲಿಯ ಒಂದು ಮನೆಯ ಅಣ್ಣ ತಂಗಿಯದು. ಒಂದು ಭಾನುವಾರ ತಂಗಿಯ ಜೀವಗಳು ಮುಗಿದಾಗ ಅಣ್ಣ ನಗುತ್ತಾ ತನ್ನ ಕೊನೆಯ ಜೀವವನ್ನು ಅವಳಿಗೆ ಕೊಟ್ಟ, ನೀನಾಡು, ನಾನು ನೋಡುತ್ತೇನೆ ಎಂದ. ಅವನು ಈಗಿಲ್ಲ, ಅವಳಿಗೆ ಆಡಲು ಮನಸ್ಸಿಲ್ಲ, ನೀವು ಆಡಿ. ಓದುತ್ತಾ ನನಗೆ ಮೊದಲು ನಾಚಿಕೆಯಾಯಿತು, ಎಲ್ಲರೆದುರು ಬಟ್ಟೆ ಬಿಚ್ಚಿದ ಹಾಗೆ. ಆಮೇಲೆ ಬಂದ ಸಿಟ್ಟು ಇವತ್ತಿನವರೆಗೂ ಪೂರ್ತಿ ಹೋಗಿಲ್ಲ.

"ಯಾರಿಗೂ ಹೇಳಲ್ಲ ಅಂದಿದ್ದೆ," ಎಂದೆ ಚಿಕ್ಕಪ್ಪನಿಗೆ. ಅವನು ಚೀಟಿಯನ್ನು ನೋಡಿ, ನನ್ನನ್ನು ನೋಡಿ, "ಹೆಸರು ಹಾಕಿಲ್ಲ ಕಣೆ," ಎಂದ.

"ಅವನು ನಗಲಿಲ್ಲ. ಕೊಡಲೂ ಇಲ್ಲ. ನಾನೇ ಕಿತ್ಕೊಂಡೆ."

"ಹಾಗೆ ಬರೆದ್ರೆ ಯಾರು ತಗೋತಾರೆ, ನೀನೇ ಹೇಳು."

ಅವನು ಕೆಟ್ಟವನಲ್ಲ. ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಆದರೆ ನಂಬಿಸಿ ಕತ್ತು ಕೊಯ್ಯುವುದಕ್ಕೆ ಕೆಟ್ಟವರೇ ಆಗಬೇಕೆಂದಿಲ್ಲ. ನನ್ನ ಗುಟ್ಟನ್ನು ಮಾರಿದ್ದನ್ನು ಒಂದು ಪಕ್ಷ ಸಹಿಸುತ್ತಿದ್ದೆನೋ ಏನೋ. ಮಾರುವುದಕ್ಕೆ ಮೊದಲು ಅದನ್ನೂ ಸ್ಪಿರಿಟ್ ಹಾಕಿ ಉಜ್ಜಿದ್ದನಲ್ಲ, ಅದನ್ನು ತಡೆಯಲಾಗಲಿಲ್ಲ. ನನ್ನ ಹತ್ತಿರ ಇದ್ದ ರಾಘು ಕೋಪ ಮಾಡಿಕೊಂಡ ರಾಘು. ಕೆಂಪು ಮುಖ, ಕುಕ್ಕಿದ ರಿಮೋಟು. ಅದು ನೋವೇ ಇರಲಿ, ಅವನು ಅದರಲ್ಲಿ ಇದ್ದ. ಚೀಟಿಯಲ್ಲಿದ್ದವನು ಯಾರೋ ಕ್ಯಾಲೆಂಡರಿನ ಹುಡುಗ.

ನಾನೂ ಸುಮ್ಮನಿರಲಿಲ್ಲ. ಗಿರಾಕಿಗಳು ಕೇಳಿದ ಆಟಗಳಿಗೆ ಬೇಕೆಂದೇ ತಪ್ಪು ಕ್ಯಾಸೆಟ್ಟು ತೋರಿಸತೊಡಗಿದೆ. ಬಲೂನಿನವನನ್ನು ಕೇಳಿದವರಿಗೆ ವಿಮಾನ, ಬಾತುಕೋಳಿ ಕೇಳಿದವರಿಗೆ ಮೋಟಾರ್ ಸೈಕಲ್ಲು. ದೂರುಗಳು ಬಂದವು. ಚಿಕ್ಕಪ್ಪನಿಗೆ ಗೊತ್ತಾಗಿತ್ತು, ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಅಷ್ಟರಲ್ಲಿ ಅದೇ ಆಟಗಳು ಕಂಪ್ಯೂಟರಿನಲ್ಲಿ ಪುಕ್ಕಟೆ ಸಿಗತೊಡಗಿದವು. ಅಂಗಡಿ ಮುಚ್ಚಿತು, ಚಿಕ್ಕಪ್ಪ ಮದುವೆಯಾಗಿ ಗಾಜಿಯಾಬಾದಿಗೆ ಹೋದ. ಆ ಮನೆಯನ್ನೂ ಬಿಲ್ಡರ್ ಕೆಡವಿದ; ಈಗ ಅಲ್ಲಿ ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ. ಕರಿಬೇವಿನ ಗಿಡವನ್ನು ತಂದು ನೆಡಲು ನೋಡಿದೆವು, ಬದುಕಲಿಲ್ಲ. ಪಾಪ, ಆ ದೂರದ ಜನ ನನಗೆ ಏನೂ ಮಾಡಿರಲಿಲ್ಲ. ತಮ್ಮ ಮನೆಯ ಒಂದು ಮಧ್ಯಾಹ್ನವನ್ನು ಕೇಳಿದ್ದರು, ನಾನು ಬೇರೆಯವರದನ್ನು ಕಳಿಸಿದೆ.

ಮೊನ್ನೆ ರಕ್ತ ಪರೀಕ್ಷೆ ಮುಗಿಸಿ, ಮಗಳನ್ನೂ ಕರೆದುಕೊಂಡು ಗ್ರೇಟರ್ ನೋಯ್ಡಾದಲ್ಲಿ ಅಪ್ಪ ಅಮ್ಮ ಈಗಿರುವ ಫ್ಲ್ಯಾಟಿಗೆ ಹೋದೆ. ಅಪ್ಪ ಕೆಳಗೆ ವಾಕಿಂಗ್ ಹೋಗಿದ್ದರು. ಅಮ್ಮ ಕಾಫಿ ಕೊಟ್ಟು, ನನ್ನ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, "ನಿಮ್ಮ ಮಾಮ ಹೇಗಿದ್ದ ಗೊತ್ತಾ, ಆಟದಲ್ಲಿ ತನ್ನ ಕೊನೇ ಜೀವಾನೂ ತಂಗಿಗೆ ಕೊಟ್ಬಿಡ್ತಿದ್ದ, ನಗ್ತಾ," ಎಂದಳು. ಮಗಳು "ಅಚ್ಛಾ?" ಎಂದು ಬಾಲ್ಕನಿಗೆ ಓಡಿದಳು. ಆ ಚೀಟಿಗಳನ್ನು ಚಿಕ್ಕಪ್ಪ ಪ್ಯಾಕಿಂಗ್ ಹೊತ್ತಿನಲ್ಲಿ ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದನೆಂದು ನನಗೆ ಆಗಲೇ ಹೊಳೆದದ್ದು. ನನಗೆ ತಡೆಯಲಾಗಲಿಲ್ಲ. "ಅದು ಸುಳ್ಳಮ್ಮ. ಅವನು ಕೊಡಲಿಲ್ಲ," ಎಂದೆ. ಅಮ್ಮ ನನ್ನ ಲೋಟವನ್ನು ತೆಗೆದುಕೊಳ್ಳುತ್ತಾ, ಸಣ್ಣ ದನಿಯಲ್ಲಿ, "ಗೊತ್ತು ಕಣೆ. ಆವತ್ತು ನಾನು ಮಲಗಿರಲಿಲ್ಲ, ಒಳಗೆ ಬಟ್ಟೆ ಮಡಚ್ತಿದ್ದೆ. ಎಲ್ಲಾ ಕೇಳಿಸ್ತು," ಎಂದಳು.

ಲೋಟವನ್ನು ಸಿಂಕಿನಲ್ಲಿಟ್ಟು ಬಂದಳು.

"ನಿಂಗೆ ಮರೆತುಹೋಗಿರುತ್ತೆ ಅಂದ್ಕೊಂಡೆ, ಚಿಕ್ಕವಳಲ್ವಾ," ಎಂದಳು. "ಪ್ರಸನ್ನ ಬರೆದಿದ್ದೇ ಇರ್ಲಿ ಬಿಡು. ಚೆನ್ನಾಗಿದೆ."

ಇಷ್ಟು ವರ್ಷ ನಾನು ಚಿಕ್ಕಪ್ಪನ ಮೇಲೆ ಸಿಟ್ಟು ಕಾಯ್ದುಕೊಂಡು ಬಂದಿದ್ದೆ. ಅವನು ಹೊರಗಿನ ಗಿರಾಕಿಗಳಿಗೆ ಮಾರಿದ, ಮನೆಯೊಳಗೂ ಒಬ್ಬಳು ಕೊಂಡಿದ್ದಳು, ಸುಳ್ಳೆಂದು ಗೊತ್ತಿದ್ದೇ ಕೊಂಡಿದ್ದಳು. ಅಮ್ಮನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಸುಲಭವಿತ್ತು. ನನಗೆ ಅವಳ ಕಥೆ ಬೇಕಿರಲಿಲ್ಲ, ಚಿಕ್ಕಪ್ಪನದೂ ಬೇಕಿರಲಿಲ್ಲ. ಆ ಹತ್ತು ವರ್ಷದ ಹುಡುಗಿಗೆ ಯಾರಾದರೂ ಒಬ್ಬರು, ಅದು ಜ್ವರ ಮಗಳೇ, ನೀನಲ್ಲ, ಎಂದು ಹೇಳಿದ್ದರೆ ಸಾಕಿತ್ತು. ಹೇಳಬಲ್ಲವಳು ಒಬ್ಬಳೇ ಇದ್ದಳು. ಅವಳು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು.