ಜಕ್ಕಪ್ಪ ಸರ್ ಮತ್ತು ಹಸೀನಾ ಮೇಡಮ್ಮರ ಪಾಠ

ರಾಯಬಾಗದ ನಮ್ಮ ಕಾಲೇಜಿನಲ್ಲಿ ಜಕ್ಕಪ್ಪ ಸರ್ ಇಪ್ಪತ್ತೆರಡು ವರ್ಷ ಜೀವಶಾಸ್ತ್ರ ಕಲಿಸಿದ್ದರು. ಕೊಕಟನೂರ ಕಡೆಯ ಕುರಿಗಾರರ ಮನೆತನ. ಆ ಮನೆಯಲ್ಲಿ ಪದವಿ ಪಡೆದವರಲ್ಲಿ ಅವರೇ ಮೊದಲಿಗರು. 1990ರಲ್ಲಿ ನಿಪ್ಪಾಣಿಯ ಹಸೀನಾ ಮೇಡಮ್ ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬಂದು ಸೇರಿದಾಗ, ಸರ್ ರೋಗನಿರೋಧಕ ಶಕ್ತಿಯ ಅಧ್ಯಾಯವನ್ನು ಮೇಡಮ್ಮರಿಗೆ ಕೊಟ್ಟರು. ಅದು ಪಠ್ಯಕ್ಕೆ ಹೊಸದು, ಬಹಳ ಕಠಿಣ. ಎಡವಲಿ ಎಂದೇ ಕೊಟ್ಟಿದ್ದಾರೆಂದು ಬಿ.ಎಸ್ಸಿ. ಎರಡನೇ ವರ್ಷದ ನಾವು ಮಾತಾಡಿಕೊಂಡೆವು.

ಮೇಡಮ್ ಎಡವಲಿಲ್ಲ. ರೋಗಾಣು ಬರುವ ಮೊದಲೇ ನಮ್ಮ ದೇಹದಲ್ಲಿ ಕಾವಲು ಕಾಯುವ ಕೋಟಿಗಟ್ಟಲೆ ಬಗೆಯ ಬಿ ಮತ್ತು ಟಿ ಕೋಶಗಳು ಸಿದ್ಧವಿರುತ್ತವೆ ಎಂದರು. ಕೌದಿ ಹೊಲಿಯುವಾಕೆ ಮೂರು ಬಟ್ಟೆಗಂಟುಗಳಿಂದ ಕೈಗೆ ಸಿಕ್ಕ ಒಂದೊಂದು ಚಿಂದಿ ಎಳೆದು ಜೋಡಿಸುತ್ತಾಳೆ. ಹೊಲಿಗೆಯ ಅಂಚಿನಲ್ಲಿ ಒಂದಿಷ್ಟು ಕತ್ತರಿಸುತ್ತಾಳೆ, ಒಂದಿಷ್ಟು ಸೇರಿಸುತ್ತಾಳೆ. ಹೀಗಾಗಿ ಒಂದರಂತೆ ಇನ್ನೊಂದಿರುವುದಿಲ್ಲ. ಕೋಶವೂ ರೋಗಾಣುವನ್ನು ಹಿಡಿಯುವ ಕೊಂಡಿಯನ್ನು, ಅಂದರೆ ತನ್ನ ಗ್ರಾಹಕವನ್ನು, ವಂಶವಾಹಿಯ ತುಂಡುಗಳಿಂದ ಹಾಗೆಯೇ ಕಟ್ಟಿಕೊಳ್ಳುತ್ತದೆ. ಆದರೆ ಕೈಗೆ ಸಿಕ್ಕಂತೆ ಕಟ್ಟಿದ್ದರಲ್ಲಿ ಕೆಲವು ನಮ್ಮ ಮೈಯನ್ನೇ ಹಿಡಿಯುವಂಥವೂ ಇರುತ್ತವಲ್ಲ? ಅದಕ್ಕೆ ಮೇಡಮ್ ಕುರಿಹಟ್ಟಿಯ ನಾಯಿಮರಿಗಳ ಉದಾಹರಣೆ ಕೊಟ್ಟರು. ಒಡೆಯನ ದನಿಯ ಗುರುತೇ ಹತ್ತದ ಮರಿಯನ್ನು ಕುರುಬರು ಸಾಕುವುದಿಲ್ಲ. ಕುರಿಮರಿಗೆ ಬಾಯಿ ಹಾಕುವುದನ್ನೂ ಇಟ್ಟುಕೊಳ್ಳುವುದಿಲ್ಲ. ಎದೆಗೂಡಿನ ಥೈಮಸ್ ಗ್ರಂಥಿ ಟಿ ಕೋಶಗಳಿಗೆ ಅಂಥ ಹಟ್ಟಿ. ನಮ್ಮ ಮೈಯ ಗುರುತು ಹತ್ತಬೇಕು, ಮೈಯನ್ನೇ ಕಚ್ಚಬಾರದು; ಈ ಎರಡು ಪರೀಕ್ಷೆಗಳಲ್ಲಿ ಯಾವುದರಲ್ಲಿ ಸೋತರೂ ಕೋಶ ಅಲ್ಲೇ ಸಾಯುತ್ತದೆ, ಬಹುಪಾಲು ಸಾಯುತ್ತವೆ.

ಮರುದಿನ ನಾನು ಪ್ರಾಯೋಗಿಕ ಪುಸ್ತಕಕ್ಕೆ ಸಹಿ ಹಾಕಿಸಲು ಹೋದಾಗ ಜಕ್ಕಪ್ಪ ಸರ್ ಪ್ರಾಂಶುಪಾಲ ಬಾಪುಸಾಹೇಬರ ಮುಂದೆ ಕೂತಿದ್ದರು.

“ಮೇಡಮ್ ಪಾಠದಾಗ ಹೇಳಿದ ನಾಯಿ ನಮ್ಮ ಮನೀವ್ರಿ. ಚಹಾ ಕುಡಕೋತ ನಾನ ಆಕಿಗೆ ಹೇಳಿದ್ದೆ. ಈಗ ಹುಡುಗ್ರು ಆಕಿ ಹೆಸರ್ಲೆ ಬರಕೊಂಡಾರ.”

“ಇಪ್ಪತ್ತೆರಡ ವರ್ಷ ನಿಮ್ಮ ಮನಿ ಮುಂದ ಬೊಗಳ್ಯಾವಲ್ರಿ ಜಕ್ಕಪ್ಪ,” ಎಂದರು ಬಾಪುಸಾಹೇಬರು. “ನಿಮಗ್ಯಾಕ ಕೇಳಸಲಿಲ್ಲ?”

ಸರ್ ನಗಲಿಲ್ಲ. ಯಾವ ಪಾಠ ಯಾರಿಗೆ ಎಂದು ಜೂನಿನಲ್ಲಿ ಪಟ್ಟಿ ಬರೆಯುವವರು ಜಕ್ಕಪ್ಪ ಸರ್ ಅವರೇ. “ಬರೂ ವರ್ಷ ಆ ಅಧ್ಯಾಯ ನಾ ತಗೋತೀನ್ರಿ” ಎಂದರು.

“ಕಾರಣ ಬೇಕಲ್ರಿ?”

“ತಂದು ತೋರಸ್ತೀನಿ.”

ಅಂದಿನಿಂದ ಅವರು ಗ್ರಂಥಾಲಯದ ಹೊಸ ಪುಸ್ತಕವನ್ನು ಹಿಡಿದು ಕೂತರು. ನಮ್ಮ ಟಿಪ್ಪಣಿ ಇಸಿದುಕೊಂಡು, ಮೇಡಮ್ ಹೇಳಿದ್ದನ್ನು ಪುಸ್ತಕದ ಜೊತೆ ಸಾಲುಸಾಲಾಗಿ ತಾಳೆ ನೋಡಿದರು. ಅಷ್ಟು ಶ್ರದ್ಧೆಯಿಂದ ಆ ಅಧ್ಯಾಯವನ್ನು ನಮ್ಮಲ್ಲಿ ಯಾರೂ ಓದಲಿಲ್ಲ. ಹದಿನಾರನೇ ದಿನ ತಪ್ಪು ಸಿಕ್ಕಿತು.

ಪಾಠ ನಡೆದಿರುವಾಗಲೇ ಪುಸ್ತಕ ಹಿಡಿದು ಒಳಗೆ ಬಂದರು. “ಮೇಡಮ್ನೋರ, ಈ ಗೆರಿ ಹೊಡದದ್ದು ಜೋರಾಗಿ ಓದ್ರಿ.”

ಮೇಡಮ್ ಓದಿದರು. ರೋಗಾಣು ಎದುರಾದ ಮೇಲೆ ಬಿ ಕೋಶಗಳು ತಮ್ಮ ಗ್ರಾಹಕವನ್ನು ಇನ್ನಷ್ಟು ತಿದ್ದಿಕೊಳ್ಳುತ್ತವೆ. ಟಿ ಕೋಶಗಳು ತಿದ್ದಿಕೊಳ್ಳುವುದಿಲ್ಲ. ಎರಡೂ ತಿದ್ದಿಕೊಳ್ಳುತ್ತವೆ ಎಂದು ಅವರು ನಮಗೆ ಬರೆಸಿದ್ದರು.

“ನಾ ಹೇಳಿದ್ದು ತಪ್ಪೈತಿ,” ಎಂದರು ಮೇಡಮ್. “ಹೊಡದ ಹಾಕ್ರಿ. ಸರ್ ಹಿಡದ್ರು, ಛಲೋ ಆತು.”

ನಾವು ಹೊಡೆದು ಹಾಕಿದೆವು. ಯಾರೂ ನಗಲಿಲ್ಲ, ಪಿಸುಗುಟ್ಟಲಿಲ್ಲ. ಸರ್ ನಮ್ಮ ಮುಖಗಳನ್ನು ನೋಡುತ್ತ ನಿಂತರು. ತಪ್ಪು ಒಪ್ಪಿಕೊಂಡದ್ದಕ್ಕೂ ಆಕೆಗೇ ಗೌರವ ಸಂದಿತ್ತು. ಅದು ಅವರಿಗೆ ನಮಗಿಂತ ಮೊದಲೇ ಗೊತ್ತಾದಂತಿತ್ತು.

ಆಗ ನಮ್ಮ ತರಗತಿಯ ಉತ್ತಮ ಎಂಬ ಅಥಣಿಯ ಹುಡುಗ ಎದ್ದ. “ಸರ್, ಹೋದ ವರ್ಷ ರಕ್ತದ ಪಾಠದಾಗ ನೀವು ಹೇಳಿದ್ರಿ, ರೋಗಾಣು ಬಂದ ಮ್ಯಾಲ ಪ್ರತಿಕಾಯ ಕಣಕದಂಗ ಅದಕ್ಕ ಒತ್ತಿಕೊಂಡು ಅದರ ಆಕಾರ ಪಡೀತೈತಿ ಅಂತ. ಆ ಪುಸ್ತಕದಾಗ ಅದರ ಬಗ್ಗೆ ಏನೈತ್ರಿ?”

ಕೇಳಿದ್ದು ಮುಗ್ಧವಾಗಿಯೋ ಕುಚೋದ್ಯಕ್ಕೋ ನನಗೆ ಈಗಲೂ ಗೊತ್ತಿಲ್ಲ. ಸರ್ ಪುಸ್ತಕದ ಹಾಳೆ ತಿರುವಿದರು. ತಿರುವುವ ಅಗತ್ಯವಿರಲಿಲ್ಲ, ಹದಿನಾರು ದಿನ ಓದಿದ್ದರು.

“ಕಣಕ ಇಲ್ಲ,” ಎಂದರು. “ಅದು ನಾ ಕಲತಾಗಿನ ಮಾತು. ಪ್ರತಿಕಾಯ ಹುಟ್ಟೋದು ಮೊದಲ, ರೋಗಾಣು ಬಂದು ಅದನ್ನ ಆರಿಸೋದು ಆಮ್ಯಾಲ. ಹೋದ ವರ್ಷ ನಾ ಬರಸಿದ್ದನ್ನೂ ಹೊಡದ ಹಾಕ್ರಿ.”

ಮೇಡಮ್ ಸೀಮೆಸುಣ್ಣ ಚಾಚಿದರು. “ಸರ್, ಇಲ್ಲಿಂದ ನೀವ ಮುಂದ ತಗೊಳ್ರಿ.”

“ಬ್ಯಾಡ. ನಿಮ್ಮ ತಾಸು ನೀವ ಮುಗಸ್ರಿ.”

ಬಾಪುಸಾಹೇಬರ ಬಳಿಗೆ ಅವರು ಹೋಗಲಿಲ್ಲ. ಮೇಡಮ್ ಜೊತೆ ಮಾತೂ ಆಡಲಿಲ್ಲ. ಆಕೆ ಅವರಿಗೆಂದು ಹೇಳಿ ತರಿಸಿದ ಚಹಾ ಅವರ ಮೇಜಿನ ಮೇಲೆ ಆರುತ್ತಿತ್ತು. ಜೂನಿನಲ್ಲಿ ಫಲಕಕ್ಕೆ ಹೊಸ ಪಟ್ಟಿ ಬಂದಾಗ ನಾನು ಹತ್ತಿರ ಹೋಗಿ ನೋಡಿದೆ. ಆ ಅಧ್ಯಾಯದ ಎದುರು ಸರ್ ಅವರ ಅಕ್ಷರದಲ್ಲಿ ಹಸೀನಾ ಮೇಡಮ್ಮರ ಹೆಸರಿತ್ತು. ಆ ಹೆಸರಿನ ಅಡಿಯಲ್ಲಿ ಮೊದಲು ಬರೆದದ್ದನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದ ತೆಳ್ಳಗಾಗಿತ್ತು. ‘ಜಕ್ಕ’ ಎಂಬಷ್ಟು ಇನ್ನೂ ಓದಲು ಬರುತ್ತಿತ್ತು.