ಅತ್ತೆಯ ಬೆರಳು ಮತ್ತು ಹನ್ನೆರಡು ವೋಲ್ಟು

ಜ್ವರವಾಗಲಿ, ಹಾಲಾಗಲಿ, ದೋಸೆಯ ಕಾವಲಿಯಾಗಲಿ, ಬಿಸಿಯ ವಿಚಾರದಲ್ಲಿ ನಮ್ಮ ಮನೆಯ ಸರ್ವೋಚ್ಚ ನ್ಯಾಯಾಲಯವೆಂದರೆ ಅತ್ತೆಯವರ ತೋರುಬೆರಳು. ಅದರ ತೀರ್ಪಿನ ಮೇಲೆ ಥರ್ಮಾಮೀಟರಿಗೂ ಮೇಲ್ಮನವಿಯ ಹಕ್ಕಿಲ್ಲ.

ಆ ಬೆರಳಿನೆದುರು ನಾನು ನಿಲ್ಲುವಂತಾದದ್ದು ಕೊಬ್ಬರಿಯ ಅಟ್ಟದಿಂದಾಗಿ. ಅರಸೀಕೆರೆಯ ನಮ್ಮಂಥ ತೆಂಗಿನ ಮನೆಗಳಲ್ಲಿ, ಸಿಪ್ಪೆಯೊಂದಿಗೇ ತಿಂಗಳುಗಟ್ಟಲೆ ಒಣಗುವ ಕಾಯಿಯ ಅಟ್ಟಕ್ಕೆ ಬೆಂಕಿಯ ಭಯದಿಂದ ದೀಪವನ್ನೂ ಒಯ್ಯುವುದಿಲ್ಲ. ಎಂದೋ ಡಿಪ್ಲೊಮಾದಲ್ಲಿ ಕಲಿತು ಒಗ್ಗರಣೆಯ ಹೊಗೆಯಲ್ಲಿ ಮರೆತಿದ್ದ ವಿದ್ಯೆಯನ್ನು ಕೊಡವಿಕೊಂಡು, ಹೆಂಚು ಸೋರಿ ಕಾಯಿಗೆ ತೇವ ತಾಗಿದರೆ ಕೂಗುವ ಸರ್ಕಿಟ್ ಬೋರ್ಡೊಂದನ್ನು ಮಾಡಿದೆ. ಅದು ಅಟ್ಟ ಹತ್ತಲು ಅತ್ತೆಯ ಶರತ್ತು ಒಂದೇ: “ಮುಟ್ಟಿದ್ರೆ ತಣ್ಣಗಿರಬೇಕು. ಇಲ್ದಿದ್ರೆ ನಿನ್ನ ಡಬ್ಬಿ ಕೆಳಗೇ.”

ತಣ್ಣಗಿರಲಿಲ್ಲ. ಬ್ಯಾಟರಿಯ ಹನ್ನೆರಡು ವೋಲ್ಟನ್ನು ಬೋರ್ಡು ಬೇಡುವ ಐದಕ್ಕೆ ಇಳಿಸುವ ಮೂರು ಕಾಲಿನ ರೆಗ್ಯುಲೇಟರು, ಮಿಕ್ಕ ಏಳನ್ನು ಶಾಖವಾಗಿ ಕಕ್ಕುತ್ತಿತ್ತು. ಸಾಲದ್ದಕ್ಕೆ ತೆಂಗಿನ ಅಭಿಮಾನದಿಂದ ನಾನು ಇಡೀ ಬೋರ್ಡನ್ನು ನುಣ್ಣಗೆ ಉಜ್ಜಿದ ಎರಡು ಚಿಪ್ಪುಗಳ ನಡುವೆ ಮುಚ್ಚಿಟ್ಟಿದ್ದೆ. ಗಾಳಿಯಾಡದೆ ಒಳಗೆಲ್ಲ ಬಾಣಂತಿ ಕೋಣೆಯ ಧಗೆ. ಅತ್ತೆ ಬೆರಳಿಟ್ಟವರೇ ಹಿಂದಕ್ಕೆ ಎಳೆದುಕೊಂಡರು. “ಕೆಂಡ ಐತಲ್ಲೇ! ನಿಮ್ಮ ಹಳೇಬೀಡಲ್ಲಿ ಎಲ್ಲಾ ಕಲ್ಲು, ಹತ್ಕೊಳಲ್ಲ. ಇಲ್ಲಿರೋದು ತೆಂಗಿನ ನಾರು ಕಣಮ್ಮ!” ತವರಿಗೂ ಬಿತ್ತು ಪೆಟ್ಟು.

ಚಿಪ್ಪು ಬಿಚ್ಚಿದೆ. ಅಲ್ಯೂಮಿನಿಯಂ ಡಬ್ಬಿಯ ಮುಚ್ಚಳವನ್ನು ಕತ್ತರಿಸಿ ರೆಗ್ಯುಲೇಟರಿನ ಬೆನ್ನಿಗೆ ಬಿಗಿದೆ. ಬಿಸಿ ಹರಡಿಕೊಂಡಿತೇ ಹೊರತು ಹುಟ್ಟುವುದು ನಿಲ್ಲಲಿಲ್ಲ. ಮರುದಿನ ಹಿತ್ತಲ ಒಲೆಯಲ್ಲಿ ಮುದ್ದೆಗೆ ಎಸರು ಉಕ್ಕಿ ಬಂದಾಗ ನನ್ನ ಕೈ ತಾನಾಗಿ ಸೌದೆಯನ್ನು ಈಚೆಗೆಳೆಯಿತು, ಇಳಿದಾಗ ಒಳಕ್ಕೆ ತಳ್ಳಿತು. ಎಲಾ! ಉರಿಯನ್ನೆಲ್ಲ ಹೊತ್ತಿಸಿಟ್ಟು ಆಮೇಲೆ ಬಿಸಿ ಆರಿಸಲು ಬೀಸಣಿಗೆ ಹಿಡಿಯುವ ಅವಿವೇಕವನ್ನು ಒಲೆಯ ಮುಂದೆ ಎಂದೂ ಮಾಡದವಳು ಬೋರ್ಡಿನಲ್ಲಿ ಮಾಡಿದ್ದೆನಲ್ಲ! ರೆಗ್ಯುಲೇಟರನ್ನು ಕಿತ್ತು, ಕಣ್ಣೆವೆಯಿಕ್ಕುವಷ್ಟರಲ್ಲಿ ಸಾವಿರಾರು ಸಲ ವಿದ್ಯುತ್ತನ್ನು ಬಿಟ್ಟು ತಡೆದು, ಬೇಕಾದಷ್ಟನ್ನೇ ಒಳಗೆ ಕಳಿಸುವ ಬಕ್ ಕನ್ವರ್ಟರನ್ನು ಬೆಸೆದೆ.

ಬೆಳಗಿನಿಂದ ಸಂಜೆಯವರೆಗೆ ಬೋರ್ಡನ್ನು ಜಗಲಿಯ ಮೇಲೆ ಚಾಲೂ ಮಾಡಿಟ್ಟು ಅತ್ತೆಯನ್ನು ಕರೆದೆ. ಬೆರಳು ಇಳಿಯಿತು, ಈ ಸಲ ಹಿಂದೆ ಸರಿಯಲಿಲ್ಲ.

“ತಣ್ಣಗಿಲ್ಲ,” ಎಂದರು. ನಾನು ಬೋರ್ಡನ್ನು ಎತ್ತಿಕೊಳ್ಳಲು ಬಗ್ಗಿದೆ. “ಕೂಸಿನ ಹಣೆಯಷ್ಟು ಬೆಚ್ಚಗೈತೆ. ಅಷ್ಟಿರ್ಲಿ ಬಿಡು, ಜೀವ ಇರೋದು ಅಂತ ಗೊತ್ತಾಗ್ಲಿ.”

ಅಟ್ಟ ಹತ್ತಿದ ಬೋರ್ಡು ಮೊದಲ ಮಳೆಗೇ ಕೂಗಿ ಒಂದು ಮೂಲೆಯ ಕಾಯಿಯನ್ನು ಉಳಿಸಿತು. ಬೇಲೂರಿನಿಂದ ನಾದಿನಿ ಬರಲಿ, ಗೆಂಡೆಹಳ್ಳಿಯ ಬೀಗರು ಬರಲಿ, ಕಾಫಿಗೂ ಮೊದಲು ಆ ಬೆರಳು ಅಟ್ಟದತ್ತ ಏಳುತ್ತದೆ: “ನಮ್ಮ ಸೊಸೆ ಮಾಡಿದ್ದು ಕಣ್ರೀ. ಬೇಕಾದ್ರೆ ಮುಟ್ಟಿ ನೋಡ್ಕಳಿ.”