ಲವೀನಾ ಹೇಳದ ಆಮೆನ್

ಲವೀನಾ ಟೀಗ್ ಒಮ್ಮೆ ಇಲ್ಲ ಅಂದರೆ ಮುಗಿಯಿತು, ಹೇಸರಗತ್ತೆಯಾದರೂ ಮನಸ್ಸು ಬದಲಾಯಿಸೀತು, ಅವಳು ಬದಲಾಯಿಸಲಾರಳು ಎಂದು ಅವಳ ಗಂಡ ಡಾಯ್ಲ್ ಹೇಳುತ್ತಿದ್ದ. ಹೇಸರಗತ್ತೆ ಸಾಕಿದ ಮನೆತನದವನಾದ್ದರಿಂದ ಅವನ ಮಾತನ್ನು ನಂಬಬಹುದು.

ಅಮೆರಿಕದ ಓಝಾರ್ಕ್ ಗುಡ್ಡಗಳ ನಡುವೆ, ಜಲ್ಲಿರಸ್ತೆ ಮುಗಿಯುವಲ್ಲಿ ಅವರ ಮನೆ. ಒಂಬತ್ತು ವರ್ಷದ ಮಗಳು ಟಿರ್ಜಾ ಶಾಲೆಯ ಹಳದಿ ಬಸ್ಸನ್ನು ಒಂದು ದಿನವೂ ಹತ್ತಿದವಳಲ್ಲ. ಅಡುಗೆಮನೆಯ ಮೇಜೇ ಅವಳ ಶಾಲೆ, ಅಮ್ಮನೇ ಟೀಚರು. ಇದು ಡಾಯ್ಲ್‌ನ ಅಕ್ಕ ರೊಂಡಾಳಿಗೆ ನುಂಗಲಾರದ ತುತ್ತು. ಅವಳು ಪೇಟೆಯ ಸರ್ಕಾರಿ ಶಾಲೆಯಲ್ಲಿ ಟೀಚರು. ಭಾನುವಾರದ ಊಟಕ್ಕೆ ಬಂದಾಗಲೆಲ್ಲ ಕೋಳಿಯ ತೊಡೆ ಕಚ್ಚುತ್ತ, ಜೊತೆಗೆ ತಮ್ಮನ ಹೆಂಡತಿಯನ್ನೂ ಕಚ್ಚುತ್ತಿದ್ದಳು.

"ಬೈಬಲ್ ಒಂದೇ ಓದಿಸಿ ಹುಡುಗೀನ ಬಾವಿಕಪ್ಪೆ ಮಾಡ್ತಿದೀಯ ಕಣೆ," ಎಂದಳು ಒಮ್ಮೆ.

"ಬಾವೀನೂ ನಮ್ದು, ಕಪ್ಪೇನೂ ನಮ್ದು. ನಿಂಗ್ಯಾಕೆ ಬಾಯಾರಿಕೆ?" ಎಂದು ಲವೀನಾ ಅವಳ ತಟ್ಟೆಗೆ ಇನ್ನೊಂದು ತುಂಡು ಹಾಕಿದಳು.

ಅವಳ ಹಟಕ್ಕೆ ಒಂದು ತಳಹದಿ ಇತ್ತು. ಈ ಜಗತ್ತು ದೇವರು ಕೈಯಾರೆ ಮಾಡಿದ್ದು ಎಂದು ಅವಳು ಮನಸಾರೆ ನಂಬಿದ್ದಳು. ಅವನು ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ನಾವು ಸರಿಯಾಗಿ ಕಣ್ಣುಬಿಟ್ಟು ನೋಡದಿದ್ದರೆ ಅವನಿಗೆ ಅವಮಾನ ಎಂಬುದು ಅವಳ ವಾದ. ಹಾಗಾಗಿ ತಾಯಿ ಮಗಳಿಬ್ಬರೂ ಕಪ್ಪೆಮೊಟ್ಟೆ, ಅಣಬೆ, ಹಾವಿನ ಪೊರೆ ಎಲ್ಲವನ್ನೂ ಮನೆಯೊಳಗೆ ತರುತ್ತಿದ್ದರು. ಸ್ನಾನಕ್ಕೆ ಹೋಗುವ ಮುಂಚೆ ತೊಟ್ಟಿಯಲ್ಲಿ ಇವತ್ತು ಯಾರಿದ್ದಾರೆ ಎಂದು ಡಾಯ್ಲ್ ಕೇಳಿಕೊಂಡೇ ಹೋಗಬೇಕಿತ್ತು.

ಮನೆಯಲ್ಲೇ ಮಕ್ಕಳಿಗೆ ಕಲಿಸುವ ತಾಯಂದಿರದೊಂದು ಕೂಟ ಆ ಊರ ಚರ್ಚಿನಲ್ಲಿತ್ತು. ಪ್ರತಿ ಗುರುವಾರ ಮಕ್ಕಳೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಸೇರಿ ವಿಜ್ಞಾನ ಕಲಿಯುತ್ತಿದ್ದರು. ಅಕ್ಕಪಕ್ಕದಲ್ಲಿ ಮನೆಯೇ ಇಲ್ಲದ ಟಿರ್ಜಾಗೆ ವಾರಕ್ಕೊಮ್ಮೆ ಬೇರೆ ಮಕ್ಕಳ ಮುಖ ಕಾಣುತ್ತಿದ್ದದ್ದು ಅಲ್ಲೇ. ಕೂಟದ ಯಜಮಾನಿಕೆ ಪಾದ್ರಿಯ ಹೆಂಡತಿ ಜುವಾನೆಲ್ ಅವರದು, ಚರ್ಚಿನವರ ಬಾಯಲ್ಲಿ ಸಿಸ್ಟರ್. ಒಳ್ಳೆಯ ಹೆಂಗಸು, ಯಾರ ಮನೆಯಲ್ಲಿ ಕಾಯಿಲೆಯಾದರೂ ಮೊದಲು ಹೋಗುವ ಸಾರಿನ ಪಾತ್ರೆ ಅವರದೇ. ಆದರೆ ಮೌನ ಕಂಡರೆ ಅವರಿಗಾಗದು. ಎಲ್ಲಿ ಮೌನ ಕಂಡರೂ ಅಲ್ಲೊಂದು ಸಿಹಿಮಾತು ತುರುಕಿಬಿಡುತ್ತಿದ್ದರು.

ಆ ಚರ್ಚಿನವರು ಯಾವುದಕ್ಕೂ ಕೈಯೆತ್ತಿಸಿ ಮತ ಎಣಿಸುವುದಿಲ್ಲ. ಅಜ್ಜಂದಿರ ಕಾಲದಲ್ಲಿ ಕೈಯೆತ್ತಿಸಲು ಹೋಗಿ ಚರ್ಚು ಎರಡು ಹೋಳಾಗಿತ್ತಂತೆ. ಅಂದಿನಿಂದ ಏನೇ ತೀರ್ಮಾನವಿದ್ದರೂ ಮೇಜಿನ ಸುತ್ತ ಕೂತವರು ಒಬ್ಬೊಬ್ಬರಾಗಿ ಆಮೆನ್, ಅಂದರೆ ಹಾಗೇ ಆಗಲಿ, ಅನ್ನಬೇಕು. ಕೊನೆಯವರೂ ಅಂದಮೇಲೆಯೇ ತೀರ್ಮಾನ, ಆಮೇಲೆಯೇ ಊಟ. ಊಟವೋ, ಅವರವರ ಮನೆಯಿಂದ ತಂದದ್ದು, ಎದುರಿಗೇ ಆರುತ್ತಿರುತ್ತದೆ. ಹೀಗಾಗಿ ಆ ಚರ್ಚಿನ ಅನೇಕ ತೀರ್ಮಾನಗಳನ್ನು ಆತ್ಮಕ್ಕಿಂತ ಹೊಟ್ಟೆಯೇ ಮಾಡಿದೆ ಎಂದರೆ ತಪ್ಪಿಲ್ಲ.

ಲವೀನಾಳೂ ಎಲ್ಲರಂತೆ ಆಮೆನ್ ಅಂದವಳೇ. ಎರಡು ವರ್ಷದ ಹಿಂದೆ ಅವಳ ನಾಲ್ಕು ತಿಂಗಳ ಗಂಡುಕೂಸು ಏಬನ್ ನಿದ್ದೆಯಲ್ಲೇ ತೀರಿಕೊಂಡಿತು. ಜ್ವರವಿಲ್ಲ, ಕೆಮ್ಮಿಲ್ಲ, ಡಾಕ್ಟರಿಗೂ ಕಾರಣ ತಿಳಿಯಲಿಲ್ಲ. ಮಣ್ಣು ಮಾಡಿ ಬಂದು ಕೂತಾಗ ಜುವಾನೆಲ್ ಅವಳ ಕೈ ಹಿಡಿದು, ದೇವರ ತೋಟಕ್ಕೊಂದು ಹೂವು ಬೇಕಾಗಿತ್ತು ಮಗಳೇ ಎಂದರು. ಸುತ್ತಲಿದ್ದವರು ಆಮೆನ್ ಎಂದರು. ಲವೀನಾಳೂ ಎಂದಳು. ಅಂದು ಸಂಜೆ ಏಳು ವರ್ಷದ ಟಿರ್ಜಾ, ದೇವರ ಹತ್ತಿರ ಹೂವು ಇರಲಿಲ್ಲವಾ ಎಂದು ಕೇಳಿದಳು. ಮಲಗು ಎಂದಳು ತಾಯಿ. ಅಲ್ಲಿಂದಾಚೆಗೆ ಹುಡುಗಿ ತಮ್ಮನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕಪ್ಪೆಯ ಬಗ್ಗೆ ನೂರು ಕೇಳುವ ಮಗು ಅದೊಂದನ್ನು ಬಾಯಿಗೆ ತಾರದಿದ್ದದ್ದು ಲವೀನಾಳ ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿದುಹೋಗಿತ್ತು.

ಈ ವರ್ಷ ಆಗಸ್ಟಿನಲ್ಲಿ ಹೊಸ ವಿಜ್ಞಾನದ ಪುಸ್ತಕ ಆರಿಸುವ ಹೊತ್ತು ಬಂತು. ಜುವಾನೆಲ್ ಒಂದನ್ನು ಆಗಲೇ ಆರಿಸಿಟ್ಟಿದ್ದರು. ನುಣುಪು ಹಾಳೆ, ಬಣ್ಣಬಣ್ಣದ ಚಿತ್ರ, ಪ್ರತಿ ಪಾಠದ ಕೊನೆಗೂ ತುಂಬಲು ಖಾಲಿ ಜಾಗ, ಉತ್ತರಗಳೆಲ್ಲ ಹಿಂದಿನ ಪುಟದಲ್ಲಿ ಸಿದ್ಧ. ನೋಡಿ ಹೇಳು ಎಂದು ಲವೀನಾಳಿಗೂ ಒಂದು ಪ್ರತಿ ಕೊಟ್ಟಿದ್ದರು. ಟಿರ್ಜಾ ಅದನ್ನು ಮೇಜಿನ ಮೇಲೆ ಹರಡಿಕೊಂಡು ಒಂದು ಪುಟದಲ್ಲಿ ನಿಂತುಬಿಟ್ಟಳು. ಟೊಮೆಟೊ ಗಿಡದ ದಪ್ಪ ಹಸಿರು ಹುಳ, ಅದರ ಬೆನ್ನ ತುಂಬ ಅಕ್ಕಿಕಾಳಿನಂಥ ಬಿಳಿಯ ಕಾಳುಗಳು. ಕೆಳಗೆ ಬರೆದಿತ್ತು: ತಾಯಿಹುಳ ತನ್ನ ಮೊಟ್ಟೆಗಳನ್ನು ಬೆನ್ನ ಮೇಲೆ ಹೊತ್ತು ಕಾಪಾಡುತ್ತದೆ, ದೇವರು ಅದಕ್ಕೂ ತಾಯಿಪ್ರೀತಿ ಕೊಟ್ಟಿದ್ದಾನೆ.

ಆ ಗುಡ್ಡಗಳಲ್ಲಿ ಟೊಮೆಟೊ ಬೆಳೆಯುವ ಯಾರಿಗಾದರೂ ನಗು ಬರಬೇಕು. ಅದು ಮೊಟ್ಟೆಯೂ ಅಲ್ಲ, ಆ ಹುಳ ತಾಯಿಯೂ ಅಲ್ಲ. ಒಂದು ಪುಟಾಣಿ ಕಣಜ ಹಾರಿಬಂದು ಈ ಹಸಿರು ಹುಳದ ಮೈಯೊಳಗೆ ಮೊಟ್ಟೆಯಿಡುತ್ತದೆ. ಮರಿಗಳು ಅದು ಜೀವಂತವಾಗಿರುವಾಗಲೇ ಒಳಗಿಂದ ತಿಂದು, ಹೊರಬಂದು, ಬೆನ್ನ ಮೇಲೆ ಬಿಳಿಯ ಗೂಡು ಕಟ್ಟಿಕೊಳ್ಳುತ್ತವೆ. ತಾಯಿ ಮಗಳಿಬ್ಬರೂ ಜೂನ್ ತಿಂಗಳಲ್ಲಿ ಗಾಜಿನ ಜಾಡಿಯಲ್ಲಿಟ್ಟು ಇದನ್ನೆಲ್ಲ ಕಣ್ಣಾರೆ ಕಂಡಿದ್ದರು.

"ಅಮ್ಮ, ದೊಡ್ಡೋರಿಗೆ ಗೊತ್ತಿಲ್ದೇ ಇದ್ದಾಗ ಚಂದದ್ದು ಏನಾದ್ರೂ ಹೇಳ್ಬಿಡ್ತಾರಾ?" ಎಂದಳು ಟಿರ್ಜಾ, ಪುಸ್ತಕದಿಂದ ತಲೆಯೆತ್ತದೆ.

ಹುಡುಗಿ ಕೇಳುತ್ತಿದ್ದದ್ದು ಹುಳದ ಮಾತಲ್ಲ. ಈ ಪುಸ್ತಕಕ್ಕೂ ತಾನು ಆಮೆನ್ ಅಂದರೆ ಮಗಳು ಇನ್ನೆಂದೂ ತನ್ನನ್ನು ಏನೂ ಕೇಳಲಾರಳು ಎಂದು ಲವೀನಾಳಿಗೆ ಖಚಿತವಾಯಿತು.

ಭಾನುವಾರ ರೊಂಡಾ ಆ ಪುಟ ನೋಡಿ ಗೆದ್ದವಳಂತೆ ನಕ್ಕಳು. ಇನ್ನಾದರೂ ಶಾಲೆಗೆ ಸೇರಿಸು ಎಂದಳು. ಪುಸ್ತಕ ಬರೆದವನು ಸುಳ್ಳಾದರೆ ಹುಳ ಮಾಡಿದವನು ಸುಳ್ಳಾಗುವುದಿಲ್ಲ, ನಿನ್ನ ಶಾಲೆಯೂ ಬೇಡ, ಈ ಪುಸ್ತಕವೂ ಬೇಡ ಎಂದು ಲವೀನಾ ಕಡ್ಡಿ ಮುರಿದಂತೆ ಹೇಳಿದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ ರೊಂಡಾ, ಜುವಾನೆಲ್ ಇಬ್ಬರ ನಡುವೆ ಸಿಕ್ಕಿಯೂ ಅವಳು ಕದಲಲಿಲ್ಲ. ಅವಳ ಕೈಯಲ್ಲಿ ಇನ್ನೊಂದು ಪುಸ್ತಕವಿತ್ತು, ಯಾರೋ ಬಳಸಿ ಮಾರಿದ್ದು. ಅದೂ ಪ್ರಾರ್ಥನೆಯಿಂದಲೇ ಶುರುವಾಗುತ್ತಿತ್ತು. ಆದರೆ ಪ್ರತಿ ಪಾಠದಲ್ಲೂ ಹೊರಗೆ ಹೋಗಿ ನೋಡು ಎನ್ನುತ್ತಿತ್ತು, ಕೆಲವು ಕಡೆ ಇದು ನಮಗೆ ತಿಳಿಯದು ಎಂದು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತಿತ್ತು.

ಪುಸ್ತಕದ ತೀರ್ಮಾನಕ್ಕೆ ಕೂಟ ಸೇರಿದ ದಿನ ಬೀನ್ಸು, ಜೋಳದ ರೊಟ್ಟಿ, ಕೋಳಿಯ ಪಲ್ಯ, ಪೀಚ್ ಹಣ್ಣಿನ ಸಿಹಿ ಪೈಗಳ ನಡುವೆ ಲವೀನಾ ತನ್ನ ಜಾಡಿಯನ್ನೂ ಇಟ್ಟಳು. ಒಳಗೆ ಹಿತ್ತಿಲ ಗಿಡದಿಂದ ಹೊಸದಾಗಿ ತಂದ, ಬಿಳಿಗೂಡು ಹೊತ್ತ ಹಸಿರು ಹುಳ. ಊಟದ ಮಧ್ಯೆ ಇದೇನು ಎಂದು ಇಬ್ಬರು ಮೂಗು ಮುರಿದು ತಮ್ಮ ಪಾತ್ರೆ ದೂರ ಸರಿಸಿಕೊಂಡರು. ಅವಳು ತನ್ನ ಪುಸ್ತಕ ತೋರಿಸಿದಳು, ಜುವಾನೆಲ್ ಅವರ ಪುಸ್ತಕದ ಆ ಪುಟ ಓದಿದಳು, ಹುಳದ ಕಥೆ ಹೇಳಿದಳು. ಎಲ್ಲರೂ ಕೇಳಿಸಿಕೊಂಡರು, ಬೀನ್ಸು ನೋಡಿಕೊಂಡರು. ಜುವಾನೆಲ್ ನಸುನಕ್ಕು, ಪುಟ್ಟ ಮಕ್ಕಳಿಗೆ ಇಷ್ಟೆಲ್ಲ ಯಾಕೆ, ನಾನು ಆರಿಸಿದ ಪುಸ್ತಕ ಚಂದವಾಗಿದೆ ಎಂದರು. ಆಮೆನ್ ಶುರುವಾಯಿತು. ಒಬ್ಬೊಬ್ಬರಾಗಿ ಸುತ್ತಿಕೊಂಡು ಬಂದು ಲವೀನಾಳ ಹತ್ತಿರ ನಿಂತಿತು.

"ನಾನು ಅನ್ನಲ್ಲ ಸಿಸ್ಟರ್."

"ಮಕ್ಕಳು ಕೇಳಿದ್ರೆ ಏನು ಹೇಳ್ತೀಯ ಲವೀನಾ? ಇಂಥದ್ದನ್ನ ದೇವರು ಯಾಕೆ ಮಾಡಿದ ಅಂದ್ರೆ?"

"ಗೊತ್ತಿಲ್ಲ ಅಂತೀನಿ."

"ಅದೊಂದು ಉತ್ತರಾನಾ?"

"ನನ್ನ ಏಬನ್ ಹೋದಾಗ್ಲೂ ಯಾರಿಗೂ ಗೊತ್ತಿರ್ಲಿಲ್ಲ. ತೋಟಕ್ಕೆ ಹೂವು ಬೇಕಿತ್ತು ಅಂದ್ರಿ. ನಾನೂ ಆಮೆನ್ ಅಂದೆ. ಅವತ್ತಿಂದ ನನ್ನ ಮಗಳು ನನ್ನ ನಂಬ್ತಿಲ್ಲ. ದೇವರ ಪರವಾಗಿ ಸುಳ್ಳು ಹೇಳೋಕೆ ಅವನೇನೂ ನಮ್ಮನ್ನ ಕೇಳಿಲ್ಲ. ಇನ್ನು ನಾನು ಹೇಳಲ್ಲ."

ಮೊದಲ ಬಾರಿಗೆ ಜುವಾನೆಲ್ ಅವರಿಗೆ ಸಿಹಿಮಾತು ಸಿಗಲಿಲ್ಲ. ಸಿಗದ್ದಕ್ಕೆ ಸಿಟ್ಟು ಬಂತು. ಕೂಟದ ಮಾತಿಗೆ ಒಪ್ಪದವರು ಗುರುವಾರ ಬರದಿದ್ದರೇ ಒಳ್ಳೆಯದು ಎಂದುಬಿಟ್ಟರು.

ಲವೀನಾ ಎದ್ದು ಹೋಗುತ್ತಾಳೆ ಎಂದುಕೊಂಡರು ಎಲ್ಲರೂ. ಅವಳು ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ನನ್ನ ಹೊರಗೆ ಹಾಕೋಕೂ ಎಲ್ರೂ ಆಮೆನ್ ಅನ್ಬೇಕಲ್ಲ ಸಿಸ್ಟರ್. ಅದಕ್ಕೂ ನಾನು ಅನ್ನಲ್ಲ."

ಅಜ್ಜಂದಿರು ಮಾಡಿದ ಕಟ್ಟಳೆಯಲ್ಲಿ ಇಂಥದೊಂದು ಬಾಗಿಲಿದೆ ಎಂದು ಯಾರೂ ಯೋಚಿಸಿರಲಿಲ್ಲ. ಕೊನೆಗೆ, ಅಲ್ಲಿದ್ದವರಲ್ಲೆಲ್ಲ ಹಿರಿಯಳಾದ ಓಪಲ್ ಅಜ್ಜಿ ತಟ್ಟೆ ಎಳೆದುಕೊಂಡು, ಪೈ ಆರಿದರೂ ತಿನ್ನಬಹುದು, ಬೀನ್ಸು ಆರಿದರೆ ಹಂದಿಯೂ ಮೂಸದು ಎಂದು ಬಡಿಸಿಕೊಳ್ಳತೊಡಗಿದಳು. ಆ ಚರ್ಚಿನಲ್ಲಿ ತೀರ್ಮಾನವಾಗದೆ ಊಟವಾದದ್ದು ಅದೇ ಮೊದಲು. ಜುವಾನೆಲ್ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು, ಮುಂದಿನ ಗುರುವಾರ ಮತ್ತೆ ಕೇಳುತ್ತೇನೆ ಎಂದರು. ಕೇಳಿ, ನಾನು ಬಂದಿರುತ್ತೇನೆ ಎಂದಳು ಲವೀನಾ.

ಮನೆಗೆ ಬಂದವಳೇ ಜಾಡಿಯನ್ನು ಹಿತ್ತಿಲ ಮೆಟ್ಟಿಲ ಮೇಲಿಟ್ಟಳು. ಗೂಡುಗಳ ಮುಚ್ಚಳ ತೆರೆದು ಕಣಜಗಳು ಹೊರಬರುತ್ತಿದ್ದವು. ಟಿರ್ಜಾ ಪಕ್ಕದಲ್ಲಿ ಕೂತು ನೋಡಿದಳು. ಹುಳ ಬತ್ತಿ ಬರೀ ಚರ್ಮವಾಗಿತ್ತು.

"ದೇವರು ಯಾಕಮ್ಮ ಹಿಂಗೆ ಮಾಡ್ದ?"

"ಗೊತ್ತಿಲ್ಲ ಮಗಾ."

ಹುಡುಗಿ ಜಾಡಿಯನ್ನು ತನ್ನ ಹತ್ತಿರ ಎಳೆದುಕೊಂಡಳು. "ಏಬನ್ ಯಾಕೆ ಸತ್ತ?"

ಲವೀನಾ ಈ ಸಲ ಮಲಗು ಎನ್ನಲಿಲ್ಲ, ಮುಖ ತಿರುಗಿಸಲಿಲ್ಲ. "ಅದೂ ಗೊತ್ತಿಲ್ಲ," ಎಂದಳು.

ಟಿರ್ಜಾ ಅಮ್ಮನ ಮುಖವನ್ನೇ ನೋಡಿದಳು, ಆಮೇಲೆ ತಲೆಯನ್ನು ಅವಳ ತೋಳಿಗೆ ಆನಿಸಿದಳು.

"ಆಮೆನ್," ಎಂದಳು.